ಮಕ್ಕಳ ಕಾಲಿಗೆ ತಕ್ಕ ಪರ್ವತ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ಡೆನ್ವರ್ ನಗರದಿಂದ ವಾಯವ್ಯಕ್ಕೆ ಸುಮಾರು ಎರಡು ಗಂಟೆಯ ಪ್ರಯಾಣದಷ್ಟು ದೂರದಲ್ಲಿ, 1915ರ ಜನವರಿಯಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರ ಅಂಕಿತದಿಂದ ಸ್ಥಾಪಿತವಾದ ರಾಕಿ ಪರ್ವತ ರಾಷ್ಟ್ರೀಯ ಉದ್ಯಾನವಿದೆ. ಹನ್ನೆರಡು ಸಾವಿರ ಅಡಿಗಳನ್ನು ಮೀರಿದ ಶಿಖರಗಳು ಅದರ ಎಲ್ಲೆಯೊಳಗೆ ಅರವತ್ತಕ್ಕೂ ಮೇಲ್ಪಟ್ಟು ಉಂಟು. ಅವುಗಳಲ್ಲಿ ಅಗ್ರಗಣ್ಯವಾದ ಲಾಂಗ್ಸ್ ಶಿಖರದ ಔನ್ನತ್ಯ 14,259 ಅಡಿ. ಈ ಅಂಕಿಗಳನ್ನು ಓದಿ ಉತ್ಸಾಹಗೊಳ್ಳುವವರು ಬಹುಮಂದಿ. ಆದರೆ ನಾಲ್ಕು ವರ್ಷದ ಮಗುವಿನ ಕೈಹಿಡಿದು, ಅದರ ತಮ್ಮನನ್ನೋ ತಂಗಿಯನ್ನೋ ಬೆನ್ನಿಗೆ ಕಟ್ಟಿಕೊಂಡು ಬರುವ ತಂದೆತಾಯಿಗಳಿಗೆ ಈ ಶಿಖರಗಳು ನೋಡತಕ್ಕವೇ ಹೊರತು ಏರತಕ್ಕವಲ್ಲ. ಅವರಿಗೆ ಸಲ್ಲುವ ಉದ್ಯಾನವು ಕೆಳಗಣ ಕಣಿವೆಗಳಲ್ಲಿ, ಸರೋವರಗಳ ಅಂಚಿನಲ್ಲಿ, ಒಂದು ಮೈಲಿಗೆ ಮಿಗದ ಕಾಲುದಾರಿಗಳಲ್ಲಿ ಹರಡಿಕೊಂಡಿದೆ. ಇದನ್ನು ದೊಡ್ಡವರು ಉಂಡು ಬಿಟ್ಟ ಶೇಷವೆಂದು ಯಾರೂ ಭಾವಿಸಬೇಕಾಗಿಲ್ಲ. ಹಿಮನದಿಯೂ ಕಾಡ್ಗಿಚ್ಚೂ ಪ್ರವಾಹವೂ ಈ ನೆಲದ ಮೇಲೆ ನಡೆಸಿದ ವ್ಯಾಪಾರದ ಗುರುತುಗಳು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಈ ತಗ್ಗಿನ ದಾರಿಗಳಲ್ಲಿಯೇ. ಅವನ್ನು ಹತ್ತಿರದಿಂದ ನೋಡುವುದಕ್ಕೆ ಬೇಕಾದ ನಿಧಾನವು ದೊಡ್ಡವರಿಗಿಂತ ಮಕ್ಕಳಲ್ಲಿಯೇ ಹೆಚ್ಚು.

ಈ ಮಾತನ್ನು ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದವನು ಈ ಉದ್ಯಾನದ ಜನಕನೆನಿಸಿದ ಈನಸ್ ಮಿಲ್ಸ್. ಕಾನ್ಸಸ್ ಸೀಮೆಯಲ್ಲಿ ಹುಟ್ಟಿ, ದೇಹಾರೋಗ್ಯ ಸರಿಯಿಲ್ಲದೆ ಹದಿನಾಲ್ಕರ ಎಳವೆಯಲ್ಲಿಯೇ ಒಬ್ಬಂಟಿಯಾಗಿ ಈ ಬೆಟ್ಟಗಳ ಬುಡಕ್ಕೆ ಬಂದ ಈತ, ಮುಂದೆ ಲಾಂಗ್ಸ್ ಶಿಖರದ ತಪ್ಪಲಿನಲ್ಲಿ ಒಂದು ವಸತಿಗೃಹವನ್ನು ನಡೆಸುತ್ತ, ಯಾತ್ರಿಕರಿಗೆ ದಾರಿ ತೋರುವುದನ್ನೇ ವೃತ್ತಿಯಾಗಿ ಮಾಡಿಕೊಂಡು, ಉದ್ಯಾನದ ಸ್ಥಾಪನೆಗಾಗಿ ವರ್ಷಾನುಗಟ್ಟಲೆ ಬರೆದು, ಭಾಷಣ ಮಾಡಿ, ಹಲವರ ವೈರವನ್ನೂ ಕಟ್ಟಿಕೊಂಡನು. 1920ರಲ್ಲಿ ಅವನು ಪ್ರಕಟಿಸಿದ, ನಿಸರ್ಗದ ಮಾರ್ಗದರ್ಶಿಯೊಬ್ಬನ ಅನುಭವಗಳನ್ನು ಹೇಳುವ ಗ್ರಂಥದಲ್ಲಿ ಕಾಲುದಾರಿಯ ಮೇಲೆಯೇ ನಡೆಯುವ ಮಕ್ಕಳ ಶಾಲೆಯೊಂದರ ಪ್ರಸಂಗ ಬರುತ್ತದೆ. ಗಿಡಮರಗಳ ನಾಮಾವಳಿಯನ್ನು ಉರುಹೊಡೆಸುವುದು ಅವನ ಕ್ರಮವಲ್ಲ. ಬೀವರ್ ಎಂಬ ಪ್ರಾಣಿ ಕಟ್ಟಿದ ಒಡ್ಡಿನ ಬಳಿಯಲ್ಲೋ ಬಿದ್ದ ಮರದ ಬಳಿಯಲ್ಲೋ ನಿಂತು, ಮಕ್ಕಳಲ್ಲಿ ತಾವಾಗಿಯೇ ಪ್ರಶ್ನೆ ಹುಟ್ಟುವ ಪರ್ಯಂತ ಕಾಯುವುದು ಅವನಿಗೆ ಸರಿತೋರಿದ ಪದ್ಧತಿ. ಲಾಂಗ್ಸ್ ಶಿಖರವನ್ನು ನೂರಾರು ಸಲ ಹತ್ತಿಳಿದ ಮನುಷ್ಯನೊಬ್ಬನು ಹೀಗೆ ನಿಲ್ಲುವುದಕ್ಕೆ ಮಹತ್ತ್ವ ಕೊಟ್ಟನೆಂಬುದನ್ನು, ಗಡಿಯಾರ ನೋಡಿಕೊಂಡು ಮಕ್ಕಳನ್ನು ಮುಂದಕ್ಕೆಳೆಯುವ ತಂದೆಯರು ಮನಸ್ಸಿಗೆ ತಂದುಕೊಳ್ಳಬೇಕು.

ದಾರಿಗಳ ವಿಚಾರಕ್ಕೆ ಬರುವ ಮೊದಲು ಗಾಳಿಯ ವಿಚಾರ ಹೇಳಬೇಕಾಗಿದೆ. ಏಕೆಂದರೆ ಡೆನ್ವರಿನ ಆಸುಪಾಸಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಬೇಸಗೆಯಲ್ಲಿ ಬಂದಿಳಿಯುವ ಅಜ್ಜ ಅಜ್ಜಿಯರು ಮೊಮ್ಮಕ್ಕಳೊಡನೆ ಈ ಬೆಟ್ಟಕ್ಕೆ ಹೊರಟಾಗ, ಕೂಸಿಗೂ ಮುದುಕರಿಗೂ ಸಮಾನವಾಗಿ ತಟ್ಟುವ ವಿಷಯವೇ ಅದು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,330 ಅಡಿ. ಈ ಉದ್ಯಾನದ ಪೂರ್ವದ ಬಾಗಿಲಲ್ಲಿರುವ ಎಸ್ಟೆಸ್ ಪಾರ್ಕ್ ಎಂಬ ಪೇಟೆಯೇ 7,522 ಅಡಿಯಲ್ಲಿದೆ. ಮಕ್ಕಳಿಗೆ ಸುಲಭವೆಂದು ಸರ್ವರೂ ಹೊಗಳುವ ಬೇರ್ ಸರೋವರವಾದರೋ 9,475 ಅಡಿಯಲ್ಲಿದೆ. ಅಲ್ಲಿ ಒಂದು ಉಸಿರಿಗೆ ದೊರಕುವ ಪ್ರಾಣವಾಯು ಸಮುದ್ರತೀರದಲ್ಲಿ ದೊರಕುವುದರ ಹತ್ತರಲ್ಲಿ ಏಳು ಪಾಲಿನಷ್ಟು ಮಾತ್ರ. ದೊಡ್ಡವರಿಗೆ ತಲೆನೋವು ಬಂದರೆ ತಲೆನೋವೆಂದು ಹೇಳಿಯಾರು. ಮಾತು ಬಾರದ ಮಗುವು ಕಾರಣವಿಲ್ಲದೆ ರಚ್ಚೆ ಹಿಡಿಯುತ್ತದೆ, ಊಟ ಒಲ್ಲೆನೆನ್ನುತ್ತದೆ, ವಾಂತಿ ಮಾಡುತ್ತದೆ, ರಾತ್ರಿ ನಿದ್ರಿಸದು. ಇದನ್ನು ಹಠವೆಂದು ಗದರಿಸದೆ, ಎತ್ತರದ ಪರಿಣಾಮವಿರಬಹುದೆಂದು ಶಂಕಿಸಿ ಕೆಳಕ್ಕೆ ಕರೆದೊಯ್ಯುವುದು ವಿವೇಕ. ಕೆಳಗಿಳಿಯುವುದೇ ಅದಕ್ಕೆ ಉತ್ತಮೋತ್ತಮ ಚಿಕಿತ್ಸೆ. ವಿಮಾನದಿಂದಿಳಿದ ಮರುದಿನವೇ ಬೆಟ್ಟಕ್ಕೆ ಧಾವಿಸದೆ ಡೆನ್ವರಿನಲ್ಲಿ ಎರಡು ದಿನ, ಅನುಕೂಲವಿದ್ದರೆ ಎಸ್ಟೆಸ್ ಪಾರ್ಕಿನಲ್ಲಿ ಒಂದು ರಾತ್ರಿ ಕಳೆದು, ಆಗಾಗ ನೀರು ಕುಡಿಸುತ್ತ ಹೋದರೆ ಈ ತೊಂದರೆ ಬಹುಮಟ್ಟಿಗೆ ಒದಗದು. ಬಿಸಿಲು ಕೂಡ ಅಲ್ಲಿ ತಂಪುಗಾಳಿಯ ಮರೆಯಲ್ಲಿ ಮೋಸ ಮಾಡುತ್ತದೆ. ಸೆಕೆ ತೋರದಿದ್ದರೂ ಮಕ್ಕಳ ಮೂಗು ಕಿವಿಗಳು ಸಂಜೆಗೆ ಕೆಂಪಡರಿರುತ್ತವೆ.

ಮೊದಲ ದಿನದ ನಡಿಗೆಗೆ ನನ್ನ ಆಯ್ಕೆ ಸ್ಪ್ರೇಗ್ ಸರೋವರ. ಒಂದು ಮೈಲಿಯೊಳಗೆ ಮುಗಿಯುವ ಈ ಸುತ್ತುದಾರಿಯು ಗಟ್ಟಿಯಾಗಿ ದಮ್ಮಾಸು ಮಾಡಿದ ನೆಲವುಳ್ಳದ್ದಾಗಿ, ಜೌಗು ಬಂದೆಡೆ ಹಲಗೆ ಹಾಸಿಸಿಕೊಂಡು, ಏರಿಳಿತವಿಲ್ಲದೆ ಸಮತಟ್ಟಾಗಿರುವುದರಿಂದ ಮಗುವನ್ನು ಕೂಡಿಸಿದ ತಳ್ಳುಗಾಡಿಯೂ ವೃದ್ಧರ ಗಾಲಿಕುರ್ಚಿಯೂ ಅಡಚಣೆಯಿಲ್ಲದೆ ಸಾಗುತ್ತವೆ. ಸರೋವರವೆಂದು ಕರೆದರೂ ಇದು ಪ್ರಕೃತಿ ನಿರ್ಮಿಸಿದ್ದಲ್ಲ. 1870ರ ದಶಕದಲ್ಲಿ ಈ ಸೀಮೆಗೆ ಬಂದು ನೆಲೆಸಿದ ಆಬ್ನರ್ ಸ್ಪ್ರೇಗ್ ಎಂಬಾತನು, ದನ ಸಾಕುವುದಕ್ಕಿಂತ ಪ್ರವಾಸಿಗಳನ್ನು ಸಾಕುವುದೇ ಲಾಭಕರವೆಂದು ಬಲುಬೇಗ ತಿಳಿದುಕೊಂಡು, ತನ್ನ ವಸತಿಗೃಹದ ಅತಿಥಿಗಳು ಮೀನು ಹಿಡಿದು ಆನಂದಿಸಲೆಂದು ಹಳ್ಳಕ್ಕೆ ಒಡ್ಡು ಹಾಕಿಸಿ ಮಾಡಿದ ಕೆರೆಯಿದು. ವಸತಿಗೃಹ ಈಗಿಲ್ಲ, ಕೆರೆ ಮಾತ್ರ ಉಳಿದಿದೆ. 1939ರಲ್ಲಿ ಉದ್ಯಾನಕ್ಕೆ ಪ್ರವೇಶಶುಲ್ಕ ಜಾರಿಗೆ ಬಂದಾಗ ಮೊತ್ತಮೊದಲು ಹಣ ತೆತ್ತು ಒಳಹೊಕ್ಕವನು ಈ ಸ್ಪ್ರೇಗನೇ. ತಾನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದಾಡಿದ ನೆಲಕ್ಕೆ ಕಾಸು ಕೊಟ್ಟು ಹೋಗುವಾಗ ಮುದುಕನ ಮುಖಭಾವ ಹೇಗಿದ್ದಿತೋ ನೋಡಬೇಕಾಗಿತ್ತು.

ಮಾನವನಿರ್ಮಿತವಾದುದರಿಂದ ಇದರ ಶೋಭೆಗೇನೂ ಕುಂದಿಲ್ಲ, ಮಕ್ಕಳ ಮಟ್ಟಿಗಂತೂ ಅದೊಂದು ಉಪಕಾರವೇ ಸರಿ. ನೀರು ಆಳವಿಲ್ಲದ್ದು, ತಿಳಿಯಾದದ್ದು. ಬೆಳಗ್ಗೆ ಗಾಳಿಯೇಳುವ ಮೊದಲು ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಮಗುವಿನ ದೃಷ್ಟಿ ನೇರವಾಗಿ ತಳದ ಮರಳಿಗೆ ಇಳಿಯುತ್ತದೆ: ಅಲ್ಲಿ ಕೊಳೆತು ಕಪ್ಪಾದ ದಿಮ್ಮಿಯೊಂದು ಅಡ್ಡಬಿದ್ದಿದೆ, ದಿಮ್ಮಿಯ ನೆರಳಿನಂತೆಯೇ ತೋರುವ ಇನ್ನೊಂದು ನೆರಳು ಬಾಲವಾಡಿಸಿದಾಗ ಅದು ಟ್ರೌಟ್ ಮೀನೆಂದು ಗೊತ್ತಾಗುತ್ತದೆ. "ಅಜ್ಜೀ, ಮೀನು ನಿಂತೇ ಇದೆ, ಓಡ್ತಾ ಇಲ್ಲ" ಎಂಬ ಕೂಗಿಗೆ ಅಜ್ಜಿ ಸೆರಗು ಸಾವರಿಸಿಕೊಂಡು ಬಗ್ಗಿ ನೋಡುವಷ್ಟರಲ್ಲಿ ಮೀನು ಅಲ್ಲಿಲ್ಲ. ಅದು ಮರಳಿ ಬರುವ ತನಕ ಇಬ್ಬರೂ ಏಳುವುದಿಲ್ಲ. ಅತ್ತ ತಲೆಯೆತ್ತಿ ನಿಂತ ತಂದೆಗೆ ಕಾಣುವುದು ಬೇರೆ: ಭೂಖಂಡದ ನೀರನ್ನು ಅಟ್ಲಾಂಟಿಕ್ಕಿಗೂ ಪೆಸಿಫಿಕ್ಕಿಗೂ ಹಂಚಿಕೊಡುವ ಮಹಾಶ್ರೇಣಿ, ಹ್ಯಾಲೆಟ್ ಮೊದಲಾದ ಶಿಖರಗಳು ಹಿಮದ ತುಣುಕುಗಳನ್ನು ತಾಳಿಕೊಂಡು ಕೆರೆಯಲ್ಲಿ ತಲೆಕೆಳಗಾಗಿ ಮೂಡಿದ ದೃಶ್ಯ. ಮೂವರಿಗೂ ಅದೇ ಹತ್ತಡಿ ದಂಡೆ ಸಾಕಾಗಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಕ್ಕಳ ನಡಿಗೆಗೆ ದಾರಿಯ ಉದ್ದಕ್ಕಿಂತ ಅದರ ಆಕಾರ ಮುಖ್ಯ. ಹೋದ ದಾರಿಯಲ್ಲೇ ಹಿಂದಿರುಗಬೇಕಾದ ಪಥದಲ್ಲಿ ಮಗುವು ಗುರಿ ಮುಟ್ಟಿದೊಡನೆ ತನ್ನ ಪಾಲಿನ ಕಾರ್ಯ ಮುಗಿಯಿತೆಂದು ತಿಳಿಯುತ್ತದೆ. ಮರಳುವಾಗಿನ ಅರ್ಧದಾರಿ ಹೊಸತೇನನ್ನೂ ತೋರದ ಕಾರಣ ಅದಕ್ಕೆ ಶಿಕ್ಷೆಯಾಗಿ, ಕಡೆಗೆ ತಂದೆಯ ಹೆಗಲಿಗೆ ಭಾರವಾಗಿ ಪರಿಣಮಿಸುತ್ತದೆ. ವೃತ್ತಾಕಾರದ ದಾರಿಯಲ್ಲಿ ಹಿಂದಿರುಗುವೆವೆಂಬ ಮಾತೇ ಇಲ್ಲ. ಪ್ರತಿಯೊಂದು ತಿರುವೂ ಹೊಸದು, ಕಾರು ನಿಂತ ಸ್ಥಳ ತಾನಾಗಿಯೇ ಎದುರಿಗೆ ಬರುತ್ತದೆ. ಸ್ಪ್ರೇಗ್, ಬೇರ್, ಮತ್ತು ಎಸ್ಟೆಸ್ ಪಾರ್ಕಿನ ದಕ್ಷಿಣಕ್ಕೆ ಮಿಲ್ಸನ ಹಳೆಯ ಮರದ ಮನೆಯಿಂದ ಅನತಿದೂರದಲ್ಲಿರುವ ಲಿಲಿ ಸರೋವರ, ಈ ಮೂರೂ ಅಂತಹ ಸುತ್ತುದಾರಿಗಳುಳ್ಳವು. ಅಂಗನವಾಡಿಯ ವಯಸ್ಸಿನ ಮಕ್ಕಳಿರುವ ಸಂಸಾರಕ್ಕೆ ಇವನ್ನು ಬಿಟ್ಟು ಬೇರೆ ಹುಡುಕುವ ಅಗತ್ಯ ನನಗೆ ಕಾಣದು.

ಬೇರ್ ಸರೋವರದ ಸುತ್ತು ಸುಮಾರು ಮುಕ್ಕಾಲು ಮೈಲಿ. ಕೆಲವೆಡೆ ಕಡಿದಾದ ಏರೂ ಕಲ್ಲುಗಳೂ ಇರುವುದರಿಂದ ತಳ್ಳುಗಾಡಿಗೆ ಸ್ಪ್ರೇಗಿನಷ್ಟು ಅನುಕೂಲವಿಲ್ಲ. ಪ್ರಾಚೀನ ಹಿಮನದಿಯು ಮೇಲಿನಿಂದ ಉಜ್ಜಿ ತಂದ ಕಲ್ಲುಮಣ್ಣನ್ನು ದಿಣ್ಣೆಯಾಗಿ ಸುರಿದುಹೋದ ಮೇಲೆ ಅದರ ಹಿಂದೆ ನೀರು ನಿಂತು ಆದ ಸರೋವರವಿದು. ದಾರಿಯುದ್ದಕ್ಕೂ ಸಂಖ್ಯೆ ಬರೆದ ಗೂಟಗಳಿವೆ, ಆ ಸಂಖ್ಯೆಗಳಿಗೆ ಹೊಂದುವ ವಿವರಣೆಯ ಪುಸ್ತಿಕೆಯೂ ಉಂಟು. ಎಣಿಕೆ ಕಲಿಯುತ್ತಿರುವ ಮಗುವಿಗೆ ಮುಂದಿನ ಗೂಟವನ್ನು ಕಂಡುಹಿಡಿಯುವುದೇ ನಡೆಯುವುದಕ್ಕೆ ಸಾಕಷ್ಟು ಪ್ರಚೋದನೆ. ಅಷ್ಟಕ್ಕಿಂತ ದೊಡ್ಡ ಮಕ್ಕಳಿಗೆ ಇಲ್ಲಿ ತೋರಿಸಬೇಕಾದದ್ದು ಮರಗಳನ್ನು. 1900ರಲ್ಲಿ ಬಿಡಾರ ಹೂಡಿದ ಜನರ ಅಜಾಗರೂಕತೆಯಿಂದ ಹೊತ್ತಿಕೊಂಡ ಬೆಂಕಿ ಈ ಸರೋವರದ ಸುತ್ತಣ ಕಾಡನ್ನು ದಹಿಸಿಹಾಕಿತು. ಬಳಿಕ ಮೊದಲು ತಲೆಯೆತ್ತಿದವು ಆಸ್ಪೆನ್ ಮರಗಳು: ಮೇಲಿನ ಕಾಂಡವೆಲ್ಲ ಸುಟ್ಟರೂ ನೆಲದೊಳಗಣ ಬೇರು ಜೀವ ಹಿಡಿದುಕೊಂಡಿದ್ದು ಒಂದೇ ಬೇರಿನಿಂದ ಹತ್ತಾರು ಚಿಗುರುಗಳನ್ನು ಎಬ್ಬಿಸುವ ಸ್ವಭಾವ ಅವುಗಳದು. ಲಾಡ್ಜ್‌ಪೋಲ್ ಎಂಬ ಪೈನ್ ಮರದ ರೀತಿ ಇನ್ನೂ ವಿಚಿತ್ರ. ಅದರ ಅನೇಕ ಕಾಯಿಗಳು ರಾಳದಿಂದ ಬಿಗಿಯಾಗಿ ಮುಚ್ಚಿಕೊಂಡಿದ್ದು, ಬೆಂಕಿಯ ಝಳ ತಾಗಿದಾಗಲೇ ಬಿರಿದು ಬೀಜ ಚೆಲ್ಲುತ್ತವೆ. ಸೆಪ್ಟೆಂಬರ್ ಕೊನೆಯಲ್ಲಿ ಹೊಂಬಣ್ಣ ತಳೆದ ಆಸ್ಪೆನ್ ಎಲೆಗಳನ್ನು ನೋಡಲೆಂದು ಸಾವಿರಾರು ಜನ ಇಲ್ಲಿಗೆ ನುಗ್ಗಿ ಬರುತ್ತಾರಲ್ಲ, ಆ ಚೆಲುವಿಗೆ ಒಂದು ಶತಮಾನದ ಹಿಂದಣ ಆ ಬೆಂಕಿಯೂ ಭಾಗಶಃ ಕಾರಣ.

ಬೇರ್ ಸರೋವರದಿಂದಲೇ ಇನ್ನೊಂದು ದಾರಿ ನಿಂಫ್, ಡ್ರೀಮ್, ಎಮರಾಲ್ಡ್ ಎಂಬ ಮೂರು ಸರೋವರಗಳನ್ನು ಒಂದರ ಮೇಲೊಂದಾಗಿ ಮುಟ್ಟಿ ಮೇಲೇರುತ್ತದೆ. ಅರ್ಧ ಮೈಲಿಯ ನಿಂಫ್, ಹಳದಿಯ ಜಲಪುಷ್ಪಗಳಿಂದ ತುಂಬಿದ್ದು, ಐದಾರು ವರ್ಷದ ಮಕ್ಕಳಿಗೆ ಸಾಧ್ಯ. ಮೈಲಿಗೆ ತುಸು ಮಿಕ್ಕ ಡ್ರೀಮ್ ಸರೋವರ, ದಾರಿಯಲ್ಲಿ ಎರಡು ಸಲ ಕುಳಿತು ತಿಂಡಿ ತಿಂದರೆ, ಏಳೆಂಟರವರಿಗೆ ಸಾಧ್ಯ. ಎಮರಾಲ್ಡಿನವರೆಗಿನ ದಾರಿಯನ್ನೂ ಕುಟುಂಬಗಳಿಗೆ ಯೋಗ್ಯವೆಂದು ಶಿಫಾರಸು ಮಾಡುವವರುಂಟು. ಹೋಗಿಬರಲು ಮೂರೂವರೆ ಮೈಲಿಗೂ ಹೆಚ್ಚು ನಡೆದು, 10,000 ಅಡಿ ದಾಟಿ, ಜೂನ್ ತಿಂಗಳಿನಲ್ಲಿಯೂ ಗಟ್ಟಿಯಾಗಿ ಉಳಿದ ಹಿಮದ ಮೇಲೆ ಜಾರುವುದು ಎಳೆಯ ಮಕ್ಕಳಿಗೆ ಸುಲಭವೆಂದು ನಾನಂತೂ ಒಪ್ಪಲಾರೆ. ಅದಕ್ಕೆ ಬದಲು, ಹತ್ತಿರದ ಗ್ಲೇಸಿಯರ್ ಗಾರ್ಜ್ ಎಂಬಲ್ಲಿಂದ ಹೊರಡುವ ಮುಕ್ಕಾಲು ಮೈಲಿಗೆ ಸ್ವಲ್ಪ ಹೆಚ್ಚಿನ ದಾರಿಯನ್ನು ಹಿಡಿದು ಆಲ್ಬರ್ಟಾ ಜಲಪಾತಕ್ಕೆ ಹೋಗಬಹುದು. ಆಲ್ಬರ್ಟಾ ಎಂಬಾಕೆ ಮೇಲೆ ಹೇಳಿದ ಸ್ಪ್ರೇಗನ ಪತ್ನಿ. ಸುಮಾರು ಮೂವತ್ತು ಅಡಿಯ ಈ ಜಲಪಾತ ಜೋಗವನ್ನು ಕಂಡವರ ಕಣ್ಣಿಗೆ ಏನೂ ಅಲ್ಲವೆನಿಸಬಹುದು. ಆದರೂ ಹೋಗಿ ಹಿಂದಿರುಗುವ ದಾರಿಗಳಲ್ಲಿ ಇದೊಂದಕ್ಕೆ ನಾನು ರಿಯಾಯಿತಿ ತೋರುವುದು, ನೀರಿನ ಸದ್ದು ಮುಂಚಿತವಾಗಿಯೇ ಕೇಳಿಸತೊಡಗಿ ಮಕ್ಕಳನ್ನು ತಾನಾಗಿ ಕರೆದುಕೊಳ್ಳುವ ಕಾರಣಕ್ಕೆ. ಅಂಚಿನ ಬಂಡೆಗಳು ಒದ್ದೆಯಾಗಿ ನುಣುಪಾಗಿರುವುದರಿಂದ ಅಲ್ಲಿ ಮಾತ್ರ ಕೈಬಿಡಬಾರದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಕುತೂಹಲಕರವಾಗಿ ತೋರಿದ್ದು ಹಾರ್ಸ್‌ಶೂ ಪಾರ್ಕ್ ಎಂಬ ಹುಲ್ಲುಗಾವಲಿನ ಅಂಚಿನಲ್ಲಿ ಬೀಸಣಿಗೆಯ ಆಕಾರಕ್ಕೆ ಹರಡಿ ಬಿದ್ದಿರುವ ಬಂಡೆಗಳ ರಾಶಿ. ಇದರ ವೃತ್ತಾಂತ ಹೀಗಿದೆ. ಬೆಟ್ಟದ ಮೇಲೆ ಸುಮಾರು 11,000 ಅಡಿಯಲ್ಲಿ ಲಾನ್ ಸರೋವರವೆಂಬುದೊಂದುಂಟು. ಉದ್ಯಾನವಿನ್ನೂ ಹುಟ್ಟದಿದ್ದ ಕಾಲದಲ್ಲಿ, 1903ರಲ್ಲಿ, ಬಯಲುಸೀಮೆಯ ಬೇಸಾಯಗಾರರು ನೀರಾವರಿಗಾಗಿ ಅದಕ್ಕೆ ಮಣ್ಣಿನ ಒಡ್ಡು ಕಟ್ಟಿ ಅದರ ಗಾತ್ರವನ್ನು ಹಿಗ್ಗಿಸಿದ್ದರು. 1982ರ ಜುಲೈ 15ರ ಮುಂಜಾನೆ ಆ ಒಡ್ಡು ಒಡೆಯಿತು. ಇಳಿದು ಬಂದ ನೀರು ರೋರಿಂಗ್ ಎಂಬ ಕಿರುನದಿಯ ಪಾತ್ರವನ್ನು ಬಗೆದು, ಮನೆಗಾತ್ರದ ಬಂಡೆಗಳನ್ನು ಉರುಳಿಸಿಕೊಂಡು, ಕಣಿವೆಯ ಸಮತಟ್ಟಿಗೆ ಬಂದೊಡನೆ ವೇಗ ಕಳೆದುಕೊಂಡು, ಹೊತ್ತುದನ್ನೆಲ್ಲ ಅಲ್ಲಿಯೇ ಇಳುಹಿತು. ಉಳಿದ ನೀರು ಎಸ್ಟೆಸ್ ಪಾರ್ಕಿನ ಪೇಟೆಬೀದಿಗೆ ನುಗ್ಗಿತು. ಬಿಡಾರಗಳಲ್ಲಿದ್ದ ಮೂವರು ಪ್ರಾಣ ಕಳೆದುಕೊಂಡರು. 2013ರ ಸೆಪ್ಟೆಂಬರಿನ ಮಹಾವೃಷ್ಟಿ ಈ ರಾಶಿಯನ್ನು ಮತ್ತೊಮ್ಮೆ ಕಲಕಿ ಹೊಳೆಯ ದಾರಿಯನ್ನೇ ಬದಲಿಸಿತು. ಕೊಚ್ಚಿಹೋದ ಕಾಲುದಾರಿಯನ್ನು ಆಮೇಲೆ ಸೇತುವೆಸಹಿತ ಹೊಸದಾಗಿ ಕಟ್ಟಿದ್ದಾರೆ.

ಈಗ ಅಲ್ಲಿ ಹೋಗಿ ನೋಡಿದರೆ ಉದ್ಯಾನದಲ್ಲೆಲ್ಲ ಮಕ್ಕಳು ಅತ್ಯಂತ ಸಂತೋಷದಿಂದಿರುವ ಸ್ಥಳ ಅದೇ ಇರಬೇಕೆನ್ನಿಸುತ್ತದೆ. ಆಗಸ್ಟಿನ ವೇಳೆಗೆ ಹೊಳೆ ಸೊರಗಿ ಹಲವು ಸಣ್ಣ ಕಾಲುವೆಗಳಾಗಿ ಬಂಡೆಗಳ ನಡುವೆ ಹರಿದಿರುತ್ತದೆ. ಮಕ್ಕಳು ಪಾದರಕ್ಷೆ ಕಳಚಿ, ಕಾಗೆಬಂಗಾರ ಮಿನುಗುವ ಮರಳನ್ನು ಬೊಗಸೆಯಲ್ಲಿ ತುಂಬಿ, ಕಾಲುವೆಗೆ ಒಡ್ಡು ಕಟ್ಟುತ್ತಾರೆ. ಕಟ್ಟಿದ ಒಡ್ಡು ತುಂಬಿ ಒಡೆದು, ಮರಳು ಕೆಳಗೆ ಬೀಸಣಿಗೆಯಂತೆ ಹರಡಿ ನಿಲ್ಲುತ್ತದೆ. 1982ರಲ್ಲಿ ಆದದ್ದು ಇದೇ ಎಂದು ಆ ಕ್ಷಣದಲ್ಲಿ ಹಿರಿಯರು ತೋರಿಸಿಕೊಟ್ಟರೆ, ಭೂಗರ್ಭಶಾಸ್ತ್ರದ ಯಾವ ಪಾಠಪುಸ್ತಕವೂ ಅದಕ್ಕೆ ಸರಿಗಟ್ಟಲಾರದು. ಜೂನ್ ತಿಂಗಳ ಕಥೆ ಬೇರೆ: ಹಿಮ ಕರಗಿ ಹೊಳೆ ಭೋರ್ಗರೆಯುವಾಗ ಮಕ್ಕಳನ್ನು ನೀರಿನ ಅಂಚಿಗೆ ಬಿಡತಕ್ಕದ್ದಲ್ಲ.

ಕಾಲನಿಯಮದ ವಿಚಾರದಲ್ಲಿ ಎರಡು ಮಾತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬೆಳಗ್ಗೆ ನಿರ್ಮಲವಾಗಿದ್ದ ಆಕಾಶದಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದು ಸಿಡಿಲುಮಳೆಯಾಗುವುದು ಅಲ್ಲಿ ನಿತ್ಯದ ಸಂಗತಿಯೆನ್ನಬಹುದು. ಮಿಂಚು ಕಂಡ ಬಳಿಕ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಬಯಲಿನಲ್ಲಿಯೂ ನೀರಿನ ಬಳಿಯಲ್ಲಿಯೂ ನಿಲ್ಲದೆ ಕಾರಿನೊಳಗೆ ಸೇರಿಕೊಳ್ಳಬೇಕು. ಆದ್ದರಿಂದ ಸೂರ್ಯೋದಯದ ಆಸುಪಾಸಿನಲ್ಲಿ ನಡಿಗೆಗೆ ತೊಡಗಿ, ಹನ್ನೊಂದರೊಳಗೆ ಮುಗಿಸಿಕೊಳ್ಳುವುದು ಎಲ್ಲ ರೀತಿಯಿಂದಲೂ ಒಳಿತು. ಜನಸಂದಣಿ ಮಿತಿಮೀರಿದ್ದರಿಂದ ಈಚಿನ ವರ್ಷಗಳಲ್ಲಿ, ಬೇಸಗೆಯ ಆರಂಭದಿಂದ ಅಕ್ಟೋಬರ್ ನಡುವಿನ ತನಕ, ಪ್ರವೇಶಕ್ಕೆ ವೇಳೆಯನ್ನು ಮುಂಗಡವಾಗಿ ಕಾಯ್ದಿರಿಸುವ ಕ್ರಮವನ್ನು ತಂದಿದ್ದಾರೆ. ಬೇರ್ ಸರೋವರದ ರಸ್ತೆಗೆ ಪ್ರತ್ಯೇಕ ಚೀಟಿ. ಆಯಾ ವರ್ಷದ ನಿಯಮವನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಉದ್ಯಾನದ ಒಳಗೆ ಓಡಾಡುವ ಉಚಿತ ಬಸ್ಸು ಸಣ್ಣ ಮಕ್ಕಳಿಗೆ ನಡಿಗೆಯಷ್ಟೇ ಪ್ರಿಯವಾದುದು.

ಮೃಗಗಳ ಸಂಗತಿ ಹೇಳದೆ ಬಿಡುವಂತಿಲ್ಲ. ನಮ್ಮ ಕಡವೆಯ ಕುಲಕ್ಕೆ ಸೇರಿದ ಎಲ್ಕ್ ಎಂಬ ಭಾರಿ ಜಿಂಕೆಗಳು ಬೇಟೆಗಾರರ ದೆಸೆಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಹೆಚ್ಚುಕಡಿಮೆ ನಿರ್ನಾಮವಾಗಿ, 1913–14ರಲ್ಲಿ ಯೆಲ್ಲೊಸ್ಟೋನಿನಿಂದ ತಂದು ಬಿಟ್ಟವುಗಳ ಸಂತತಿ ಈಗ ಹುಲ್ಲುಗಾವಲುಗಳಲ್ಲೆಲ್ಲ ಮೇಯುತ್ತಿದೆ. ಅವಕ್ಕೂ ಮನುಷ್ಯರಿಗೂ ನಡುವೆ ಎಪ್ಪತ್ತೈದು ಅಡಿ, ಮೂಸ್ ಎಂಬ ಜಿಂಕೆಗಳಿಗೂ ಕರಡಿಗಳಿಗೂ ನೂರಿಪ್ಪತ್ತು ಅಡಿ ಅಂತರವಿರಬೇಕೆಂಬುದು ಕಾನೂನು. ಅಡಿಯ ಲೆಕ್ಕ ಮಕ್ಕಳಿಗೆ ತಿಳಿಯದು. ಕೈಯನ್ನು ನೇರ ಮುಂದಕ್ಕೆ ಚಾಚಿ ಹೆಬ್ಬೆರಳನ್ನೆತ್ತಿ ಒಂದು ಕಣ್ಣು ಮುಚ್ಚಿದಾಗ ಮೃಗವು ಬೆರಳಿನ ಹಿಂದೆ ಪೂರ್ತಿ ಮರೆಯಾಗದಿದ್ದರೆ ಹಿಂದೆ ಸರಿಯಬೇಕೆಂದು ಕಲಿಸಿದರೆ ಸಾಕು, ಮಕ್ಕಳು ತಾವೂ ಸರಿದು ದೊಡ್ಡವರನ್ನೂ ಸರಿಸುತ್ತಾರೆ. ಆದರೆ ದಿನನಿತ್ಯದ ಪ್ರಲೋಭನೆ ಎಲ್ಕಿನಿಂದಲ್ಲ, ಚಿಪ್‌ಮಂಕ್ ಎಂಬ ಗೆರೆಬೆನ್ನಿನ ಅಳಿಲಿನಿಂದ. ಡಬ್ಬಿ ತೆರೆದು ಚಿತ್ರಾನ್ನ, ಕೋಡುಬಳೆ ಹೊರಬಿದ್ದೊಡನೆ ಅದು ಕಲ್ಲಿನ ಸಂದಿಯಿಂದ ಪ್ರತ್ಯಕ್ಷವಾಗಿ ಹಿಂಗಾಲಲ್ಲಿ ನಿಲ್ಲುತ್ತದೆ. ಶ್ರೀರಾಮನು ಅಳಿಲಿನ ಬೆನ್ನು ಸವರಿದ ಕಥೆಯನ್ನು ಅಜ್ಜಿ ಹೇಳುವುದಕ್ಕೂ ಮೊಮ್ಮಗು ಕೋಡುಬಳೆಯ ತುಂಡನ್ನು ಮುಂದೆ ಚಾಚುವುದಕ್ಕೂ ಸರಿಹೋಗುತ್ತದೆ. ಕಥೆ ಇರಲಿ, ತುಂಡು ಬೇಡ: ತಿನಿಸು ನೀಡುವುದು ಅಲ್ಲಿ ದಂಡಾರ್ಹ ಅಪರಾಧ, ಕೈತುತ್ತಿಗೆ ಒಗ್ಗಿದ ಪ್ರಾಣಿ ಚಳಿಗಾಲಕ್ಕೆ ಕೂಡಿಡುವುದನ್ನು ಮರೆಯುತ್ತದೆ, ಬೆರಳು ಕಚ್ಚುವುದನ್ನು ಕಲಿಯುತ್ತದೆ.

ನಡಿಗೆ ಸಾಕೆನಿಸಿದ ದಿನ, 1932ರಲ್ಲಿ ಸಂಚಾರಕ್ಕೆ ತೆರೆದ ಟ್ರೇಲ್ ರಿಡ್ಜ್ ರಸ್ತೆಯ ಮೇಲೆ ಕಾರಿನಲ್ಲಿಯೇ 12,183 ಅಡಿಯವರೆಗೆ ಏರಬಹುದು. ಅಲ್ಲಿ ಮರಗಳಿಲ್ಲ, ಗುಬ್ಬಿಯ ಗಾತ್ರದ ಹೂಗಿಡಗಳು ನೆಲಕ್ಕೆ ಅಂಟಿಕೊಂಡು ಬದುಕುತ್ತವೆ, ತುಳಿದ ಗಿಡ ಚೇತರಿಸಿಕೊಳ್ಳಲು ದಶಕಗಳೇ ಬೇಕು. ಅಲ್ಲಿರುವ ಕಾಲುದಾರಿಯೇನೋ ಗಟ್ಟಿನೆಲದ್ದು, ಚಿಕ್ಕದು; ಆದರೆ ಆ ಎತ್ತರದಲ್ಲಿ ಎಳೆಯರನ್ನು ಓಡಾಡಿಸುವುದಕ್ಕಿಂತ ಹತ್ತು ನಿಮಿಷ ನಿಂತು ಗಾಳಿಗೆ ಮುಖವೊಡ್ಡಿ ಇಳಿದುಬಿಡುವುದು ಲೇಸು. ರಸ್ತೆ ಪಶ್ಚಿಮಕ್ಕೆ ಇಳಿದರೆ ಕಯೋಟಿ ವ್ಯಾಲಿಯೆಂಬ ಸಮತಟ್ಟಾದ ಒಂದು ಮೈಲಿಯ ದಾರಿಯುಂಟು. ಮುಂದೆ ಮಹಾಕಂದರವನ್ನೇ ಕೊರೆಯುವ ಕೊಲೊರಾಡೊ ನದಿ ಅಲ್ಲಿ ಇನ್ನೂ ಹುಟ್ಟಿದೂರು ಬಿಡದ ಹಳ್ಳ. ಆ ಕಡೆ ಜನಸಂದಣಿಯೂ ಕಡಿಮೆ.

ಉದ್ಯಾನದವರು ಮಕ್ಕಳಿಗಾಗಿ ಕಿರಿಯ ರೇಂಜರ್ ಎಂಬ ಯೋಜನೆಯೊಂದನ್ನು ನಡೆಸುತ್ತಾರೆ: ಐದರೊಳಗಿನವರಿಗೆ, ಆರರಿಂದ ಎಂಟರವರಿಗೆ, ಅದಕ್ಕೂ ದೊಡ್ಡವರಿಗೆ ಬೇರೆ ಬೇರೆ ಪುಸ್ತಿಕೆಗಳು. ಕಂಡದ್ದನ್ನು ಬರೆದೋ ಚಿತ್ರಿಸಿಯೋ ತಂದು ತೋರಿಸಿದ ಮಗುವಿನಿಂದ ಸಮವಸ್ತ್ರದ ಅಧಿಕಾರಿ ಬಲಗೈ ಎತ್ತಿಸಿ ಪ್ರಮಾಣವಚನ ಹೇಳಿಸಿ ಬಿಲ್ಲೆಯೊಂದನ್ನು ಕೊಡುತ್ತಾರೆ. ಅದರಲ್ಲಿ ಅವರು ತೋರುವ ಗಾಂಭೀರ್ಯ ನಮ್ಮ ಮಂತ್ರಿಗಳ ಪ್ರಮಾಣವಚನ ಸಮಾರಂಭಕ್ಕೂ ಮಾದರಿಯಾಗಬಲ್ಲದು. ಬೇಸಗೆಯಲ್ಲಿ ಇದರ ಮುಖ್ಯಸ್ಥಾನ ಹಿಡನ್ ವ್ಯಾಲಿ. 1991ರ ತನಕ ಸ್ಕೀಯಿಂಗ್ ಕ್ರೀಡೆ ನಡೆಯುತ್ತಿದ್ದ ಆ ಇಳಿಜಾರಿನಲ್ಲಿ ಈಗ ಚಳಿಗಾಲದಲ್ಲಿ ಮಕ್ಕಳು ಜಾರುಹಲಗೆಯ ಮೇಲೆ ಕುಳಿತು ಹಿಮದಲ್ಲಿ ಜಾರುತ್ತಾರೆ. ಹಲಗೆಯನ್ನು ಮನೆಯಿಂದ ತರಬೇಕು, ಇಲ್ಲವೆ ಎಸ್ಟೆಸ್ ಪಾರ್ಕಿನ ಅಂಗಡಿಯಲ್ಲಿ ಬಾಡಿಗೆಗೆ ಪಡೆದುಕೊಂಡು ಹೋಗಬೇಕು, ಅಲ್ಲಿ ಸಿಗುವುದಿಲ್ಲ.